ಚನ್ನಾಜಮ್ಮನ ಮೈಕ್ ಟೆಸ್ಟಿಂಗ್

ಸದ್ದಿನಲ್ಲಿ ಇರುವುದು ಎರಡೇ ಜಾತಿ ಎಂದು ಸಿದ್ದಮಲ್ಲಪ್ಪ ಮೂವತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದ. ಒಂದು, ನಾಲ್ಕು ಬೀದಿ ಆಚೆಗೂ ಅಕ್ಷರ ಅಕ್ಷರ ಬಿಡಿಸಿ ಕೇಳಿಸುವಂಥದ್ದು. ಇನ್ನೊಂದು, ರಿಪೇರಿಗೆ ಬಂದದ್ದು. ಮೂರನೆಯದೊಂದು ಇದೆ ಎಂದು ಯಾರಾದರೂ ವಾದಕ್ಕೆ ನಿಂತರೆ, ಅವರಿಗೆ ಕೊಟ್ಟ ಟೀ ಲೋಟವನ್ನು ಅರ್ಧದಲ್ಲೇ ಕಿತ್ತುಕೊಂಡು ಅಂಗಡಿಯಿಂದ ಇಳಿಸಿ ಕಳಿಸುತ್ತಿದ್ದ.

ತಿ. ನರಸೀಪುರದಲ್ಲಿ ಅವನದು ಮೈಕ್ ಸೆಟ್ಟಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ, ಸಾವು, ಎಲೆಕ್ಷನ್ನು, ನಾಟಕ, ತಪ್ಪಿಸಿಕೊಂಡ ಎಮ್ಮೆ, ಏನೇ ಇರಲಿ, ತಾಲ್ಲೂಕಿನ ಬಾಯಿ ಅವನ ಹಾರ್ನುಗಳಲ್ಲೇ ತೆರೆಯಬೇಕಿತ್ತು. ರಿಪೇರಿ ಮಾಡಿದ ಮೈಕನ್ನು ಪರೀಕ್ಷೆ ಮಾಡುವಾಗ ಬೇರೆ ಅಂಗಡಿಗಳಲ್ಲಿ "ಹಲೋ ಹಲೋ, ಒನ್ ಟೂ ತ್ರೀ" ಎನ್ನುತ್ತಾರೆ. ಇವನ ಅಂಗಡಿಯಲ್ಲಿ ಆ ಕೆಲಸ ಹೆಂಡತಿ ಚನ್ನಾಜಮ್ಮನದು. ಇವನು ಮುಂದೆ ಕೂತು ಬೆಸುಗೆ ಹಾಕುವುದು, ವೈರನ್ನು ಅಡುಗೆಮನೆವರೆಗೆ ಎಳೆದು ಮೈಕನ್ನು ಅವಳ ಕೈಗೆ ಕೊಡುವುದು. ಅವಳು ಮುದ್ದೆ ಕೋಲನ್ನು ಪಕ್ಕಕ್ಕಿಟ್ಟು ತಾನೇ ಕಟ್ಟಿದ ಒಂದು ಸಾಲು ಹಾಡುತ್ತಿದ್ದಳು:

"ಆಚೆ ದಡದ ದೀಪಕ್ಕೆ ಈಚೆಯಿಂದ ಎಣ್ಣೆ, ಎಂಗೆ ತರಲಿ ಏಳು ನನ್ನ ದೊರೆಯೇ..."

ಆಮೇಲೆ ಅದೇ ಮೈಕಿನಲ್ಲಿ ಕೇಳುತ್ತಿದ್ದಳು: "ಏನ್ರೀ, ಕೇಳಿಸ್ತಾ ಅದಾ?"

ಅವನು ಅಂಗಡಿಯಿಂದ ಕೂಗುತ್ತಿದ್ದ: "ಕೇಳಿಸ್ತಾ ಅದೆ!"

ಅಷ್ಟಾದ ಮೇಲೆಯೇ ಆ ಮೈಕು ಅಂಗಡಿಯ ಮೆಟ್ಟಿಲಿಳಿಯುತ್ತಿದ್ದದ್ದು. ಮೂವತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಸಲ ಹೀಗೆ ಕೇಳಿದ್ದಳೋ, ಇವನು ಎಷ್ಟು ಸಾವಿರ ಸಲ ಕೂಗಿದ್ದನೋ. ಹೋದ ವರ್ಷ ಎದೆ ಕಟ್ಟಿ, ಎರಡು ತಿಂಗಳು ಮಲಗಿ, ಚನ್ನಾಜಮ್ಮ ತೀರಿಕೊಂಡಳು. ತಾಲ್ಲೂಕಿನ ಪ್ರತಿಯೊಬ್ಬ ಭಾಷಣಕಾರನ ದನಿಯನ್ನೂ ಊರ ತುಂಬ ಹರಡಿದ ಮನುಷ್ಯನ ಹತ್ತಿರ ತಾನಾಗಿ ಹಿಡಿದಿಟ್ಟ ಹೆಂಡತಿಯ ದನಿಯ ಒಂದು ತುಣುಕೂ ಇರಲಿಲ್ಲ. ಇದ್ದವಳ ದನಿಯನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಅಡುಗೆಮನೆಯಲ್ಲೇ ಇದ್ದಳಲ್ಲ!

ಇದ್ದದ್ದು ಮಗಳ ಹತ್ತಿರ.

ಮಗಳು ಶಿವಾನಿ ನಂಜನಗೂಡಿನ ಖಾಸಗಿ ಶಾಲೆಯೊಂದರಲ್ಲಿ ಸಂಗೀತದ ಮೇಡಂ. ಗಿಟಾರಿನ ಮದನ್, ಡ್ರಮ್ಮಿನ ಕಿರಣ್ ಇಬ್ಬರನ್ನು ಸೇರಿಸಿಕೊಂಡು ಒಂದು ಬ್ಯಾಂಡ್ ಕಟ್ಟಿದ್ದಳು. ಮುಚ್ಚಿಹೋದ ಬಾಳೆಹಣ್ಣಿನ ಮಂಡಿಯೊಂದರಲ್ಲಿ ಅವರ ಅಭ್ಯಾಸ. ಅದಕ್ಕೇ ಬ್ಯಾಂಡಿನ ಹೆಸರೂ ‘ಬಾಳೆಮಂಡಿ’. ಮೊದಲನೇ ಆಲ್ಬಮ್ಮಿಗೆ ‘ಈ ದಡ’ ಎಂದು ಹೆಸರಿಟ್ಟರು. ಅದರ ಶುರುವಿನಲ್ಲಿ ಚನ್ನಾಜಮ್ಮನ ಆ ಒಂದು ಸಾಲು ಇತ್ತು. ಹಿಂದೆ ಗಿಟಾರು ಮೆಲ್ಲಗೆ, ನೀಟಾಗಿ, ಮೈ ತೊಳೆದುಕೊಂಡು ಬಂದ ಹಾಗೆ ಇತ್ತು. ಸಿದ್ದಮಲ್ಲಪ್ಪ ಅದನ್ನು ಅಂಗಡಿಯಲ್ಲಿ ಹಾಕಿ, ಬ್ಯಾಟರಿ ಕೊಳ್ಳಲು ಬಂದವರಿಗೂ ಕೇಳಿಸಿದ. ಆಗ ಚನ್ನಾಜಮ್ಮ ಬದುಕಿದ್ದಳು. "ನನ್ನ ಗಂಟ್ಲು ಕಾಗೆ ತರ ಅದೆ, ಆರ್ಸಿ" ಎಂದು ಒಳಗಿನಿಂದ ಬೈಯುತ್ತಿದ್ದಳು.

ಎರಡನೆಯದು ‘ನಡುನೀರು’. ಅವಳಿಗೆ ಕೆಮ್ಮು ಶುರುವಾದ ಕಾಲದ್ದು. ಅದರಲ್ಲಿ ಗಿಟಾರು ಮುಂದಕ್ಕೆ ಬಂದು, ದನಿ ಹಿಂದಕ್ಕೆ ಹೋಗಿತ್ತು. ಬಚ್ಚಲಲ್ಲಿ ನಿಂತು ಹಾಡಿದಂತೆ, ಅದೂ ಪಕ್ಕದ ಮನೆಯ ಬಚ್ಚಲಲ್ಲಿ. ಸಿದ್ದಮಲ್ಲಪ್ಪ ಸ್ಪೀಕರ್ ಬಿಚ್ಚಿ ಧೂಳು ಒರೆಸಿ ಮತ್ತೆ ಹಾಕಿದ. ಹಾಗೇ ಇತ್ತು. ಮದನ್ ಬಂದಾಗ ತಡೆದು ನಿಲ್ಲಿಸಿದ.

"ಏನಪ್ಪಾ ಇದು, ಎಕೋ ಜಾಸ್ತಿ ಆಗದೆ?"

"ಅಂಕಲ್, ಅದು ಶೂಗೇಜ್ ಅಂತ, ಒಂದು ತರದ ರಾಕ್ ಮ್ಯೂಸಿಕ್. ದನಿನೂ ಒಂದು ವಾದ್ಯ. ಎಲ್ಲದರ ಜೊತೆ ಕರಗಬೇಕು."

"ಕರಗಕ್ಕೆ ಅದೇನು ಬೆಲ್ಲವಾ?" ಎಂದ ಸಿದ್ದಮಲ್ಲಪ್ಪ. ಮದನ್ ಬುದ್ಧಿವಂತ, ಬಸ್ಸು ಬಂತು ಎಂದು ಓಡಿದ.

ಮೂರನೆಯದು ‘ಆ ದಡ’. ಚನ್ನಾಜಮ್ಮನ ವರ್ಷದ ಸ್ಮರಣೆಯ ದಿನವೇ ಅದು ಸಿದ್ಧವಾಯಿತು. ಬೆಳಿಗ್ಗೆ ಅವ್ವನ ಗದ್ದಿಗೆಗೆ ಪೂಜೆ ಮುಗಿಸಿದ ಶಿವಾನಿ ಶಾಲೆಯಲ್ಲಿ ಪರೀಕ್ಷೆ ಇದೆಯೆಂದು ನಂಜನಗೂಡಿಗೆ ಹೊರಟು ನಿಂತಳು. ಹೊರಡುವ ಮುಂಚೆ ಅಪ್ಪನ ಕೈಗೆ ಒಂದು ಪೆನ್‌ಡ್ರೈವ್ ಇಟ್ಟಳು.

"ಅಪ್ಪಾ, ಇದರ ತುಂಬಾ ಅವ್ವನೇ ಇದಾಳೆ. ಒಬ್ನೇ ಕೂತ್ಕೊಂಡು ಕೇಳು. ಸಣ್ಣಗೆ ಇಟ್ಕೊಂಡು ಕೇಳು. ತಿಳೀತಾ?"

"ಊಂ ಊಂ" ಎಂದ ಸಿದ್ದಮಲ್ಲಪ್ಪ.

ಓದುಗರು ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಸಣ್ಣಗೆ ಇಡುವ ಗುಂಡಿ ಯಾವುದೆಂದು ಸಿದ್ದಮಲ್ಲಪ್ಪನಿಗೆ ಗೊತ್ತಿತ್ತು. ಅದನ್ನು ಎಂದೂ ಆ ಕಡೆಗೆ ತಿರುಗಿಸಿರಲಿಲ್ಲ, ಅಷ್ಟೆ. ಮಗಳ ಬಸ್ಸು ಸೇತುವೆ ದಾಟುವುದರೊಳಗೆ ಅವನು ಅರವತ್ತರ ಕರಿಯಯ್ಯನನ್ನು, ಅಂದರೆ ಅಂಗಡಿಯಲ್ಲಿ ಮೊದಲಿನಿಂದ ಹಾರ್ನು ಕಟ್ಟುವವನನ್ನು, ಮಾಳಿಗೆ ಹತ್ತಿಸಿದ್ದ. ನಾಲ್ಕು ದಿಕ್ಕಿಗೆ ಎರಡೆರಡರಂತೆ ಎಂಟು ಹಾರ್ನು. ಊಟಕ್ಕೆ ಬಂದಿದ್ದ ಬಂಧುಗಳ ಮುಂದೆ ಮೈಕ್ ಹಿಡಿದು ಹೇಳಿಯೂ ಬಿಟ್ಟ: "ಇವತ್ತು ಚನ್ನಾಜಿ ದನಿ ಸಂಗಮದ ಆಚೆಗೂ ಕೇಳಿಸ್ತದೆ. ಯಾರೂ ಊಟ ಮುಗಿಸ್ಕಂಡು ಎದ್ದೋಗಬ್ಯಾಡಿ!"

ಮಠದ ಅಯ್ನೋರು ಕಣ್ಣು ಮುಚ್ಚಿ ಕೂತರು. ಹೆಂಗಸರು ಸೆರಗಿನ ತುದಿಯನ್ನು ಕಣ್ಣಿನ ಹತ್ತಿರಕ್ಕೆ ತಂದು ಸಿದ್ಧವಾಗಿ ಹಿಡಿದರು. ಸಿದ್ದಮಲ್ಲಪ್ಪ ಗುಂಡಿ ಒತ್ತಿದ.

ಘೂಂ ಎಂದಿತು.

ಘೂಂ ಎಂದದ್ದು ನಿಲ್ಲಲಿಲ್ಲ. ತಗಡಿನ ಮೇಲೆ ಮಳೆ ಹೊಯ್ದ ಹಾಗೆ, ಅಕ್ಕಿ ಮಿಲ್ಲು ತಿರುಗಿದ ಹಾಗೆ, ಹೊಳೆ ತುಂಬಿ ಬಂದ ಹಾಗೆ, ಎಲ್ಲವೂ ಒಟ್ಟಿಗೆ ಎಂಟು ಬಾಯಲ್ಲಿ ಸುರಿಯಿತು. ಕವಲಂದೆಯಿಂದ ಬಂದಿದ್ದ ಸಿದ್ದಮಲ್ಲಪ್ಪನ ಅಕ್ಕ ಗೌರಮ್ಮಣ್ಣಿ ಎದ್ದವಳೇ, "ಅಯ್ಯೋ, ಮಳೆ ಬತ್ತಾ ಅದೆ ಕಣ್ರವ್ವಾ!" ಎಂದು ಮಾಳಿಗೆಗೆ ಓಡಿ, ಕರಿಯಯ್ಯನನ್ನು ತಳ್ಳಿಕೊಂಡು, ಒಣಹಾಕಿದ್ದ ಸಂಡಿಗೆಯನ್ನೆಲ್ಲ ಬಾಚಿ ಮಡಿಲಿಗೆ ತುಂಬಿಕೊಂಡಳು. ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ. ಅದು ಅವಳನ್ನು ಇನ್ನೂ ಹೆದರಿಸಿತು.

"ಅರ್ಥಿಂಗ್ ಓಗದೆ!" ಎಂದು ಸಿದ್ದಮಲ್ಲಪ್ಪ ಅಬ್ಬರಿಸಿದ. "ಕರಿಯಯ್ಯ! ಉಪ್ಪುನೀರು ಉಯ್ಯಿ!"

ಸೆಟ್ಟು ಗುಂಯ್‌ಗುಟ್ಟಿದರೆ ಅರ್ಥಿಂಗ್ ಗುಂಡಿಗೆ ಉಪ್ಪುನೀರು ಹುಯ್ಯುವುದು ಈ ಕಸುಬಿನ ಮೊದಲನೇ ಮದ್ದು. ಕರಿಯಯ್ಯ ಅಡುಗೆಯವರ ಉಪ್ಪಿನ ಚೀಲವನ್ನೇ ಎತ್ತಿ ಬಕೆಟ್ಟಿಗೆ ಸುರಿದುಕೊಂಡು ಹೋಗಿ ಹುಯ್ದ. ಗುಂಯ್ ನಿಲ್ಲಲಿಲ್ಲ. ಎರಡನೇ ಪಂಕ್ತಿಯ ಸಾರಿಗೆ ಉಪ್ಪೂ ಇರಲಿಲ್ಲ.

ಎದುರಾಳಿ ಅಂಗಡಿಯ ರಾಜೇಂದ್ರ, ಡಿಜೆ ಸೆಟ್ಟಿನವನು, ಊಟದ ಕೈಯಲ್ಲೇ ಬಂದು ಹಾರ್ನಿಗೆ ಕಿವಿ ಕೊಟ್ಟ. ಅವನ ಮುಖದಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು.

"ಅಣ್ಣಾ, ಬೇಜಾರ್ ಮಾಡ್ಕೋಬೇಡ. ಒಳಗಿನ ಪೊರೆ, ಡಯಾಫ್ರಮ್, ಒಡ್ದೋಗವೆ."

"ಯಾವುದು?"

"ಎಂಟೂವೆ."

"ಲೇ, ನಿನ್ನೆ ತಾನೆ ಅವೇ ಹಾರ್ನಲ್ಲಿ ಪುರಸಭೆಯವರು ನೀರಿನ ಕಂದಾಯ ಕೂಗ್ಸವ್ರೆ! ಒಂದೊಂದು ಅಕ್ಷರ ಕೇಳಿಸ್ತು!"

"ಕಂದಾಯದ ಅಕ್ಷರ ಯಾವ ಹಾರ್ನಲ್ಲಾದ್ರೂ ಕೇಳಿಸ್ತದೆ ಬಿಡಣ್ಣ."

ಅಷ್ಟರಲ್ಲಿ ಬೀದಿಯವರು ಟ್ರಾನ್ಸ್‌ಫಾರ್ಮರ್ ಉರೀತಾ ಅದೆ ಎಂದು ಫೋನ್ ಮಾಡಿ, ಲೈನ್‌ಮನ್ ಮಾದೇಶ್ ಬೈಕಿನಲ್ಲಿ ಏಣಿ ಸಮೇತ ಬಂದಿಳಿದ. ಕಂಬಕ್ಕೆ ಕಿವಿಯಿಟ್ಟ. ನೆಲಕ್ಕೆ ಕಿವಿಯಿಟ್ಟ. ಸರ್ಕಾರಿ ಗಾಂಭೀರ್ಯದಿಂದ ಇಡೀ ಬೀದಿಯ ಕರೆಂಟು ತೆಗೆದ. ತನ್ನ ಸೆಟ್ಟಿನ ಮೇಲೆ ಕತ್ತಿ ಬಿದ್ದರೂ ಕಾರ್ಯಕ್ರಮ ನಿಲ್ಲಬಾರದೆಂದು ಸಿದ್ದಮಲ್ಲಪ್ಪ ಮೂವತ್ತೆರಡು ವರ್ಷದಿಂದ ಕರಿಯಯ್ಯನಿಗೆ ಕಲಿಸಿದ್ದನಲ್ಲ, ಕರೆಂಟು ಹೋದ ಚಣವೇ ಕರಿಯಯ್ಯ ಜನರೇಟರ್ ಎಳೆದ. ಬೀದಿಯ ಫ್ಯಾನೆಲ್ಲ ನಿಂತವು. ಘೂಂ ಮಾತ್ರ ನಿಲ್ಲಲಿಲ್ಲ.

"ಕರೆಂಟ್ ಇಲ್ದೇನೂ ಬತ್ತಾ ಅದಲ್ಲಪ್ಪಾ!" ಎಂದು ಮಾದೇಶ್ ಎರಡು ಹೆಜ್ಜೆ ಹಿಂದೆ ಸರಿದು, ಜೇಬಿನಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡ.

ಎಂಟು ನಿಮಿಷವಾದ ಮೇಲೆ ಅಯ್ನೋರು ಕಣ್ಣು ಬಿಟ್ಟರು. ಪಾಪ, ಅವರೊಬ್ಬರೇ ಅಷ್ಟು ಹೊತ್ತೂ ಕದಲದೆ ಕೂತಿದ್ದವರು. ಮೆಲ್ಲಗೆ ಕೇಳಿದರು: "ಸಿದ್ದಮಲ್ಲಪ್ಪಾ, ಚನ್ನಾಜಮ್ಮ ಯಾವಾಗ ಬತ್ತಾರೆ?"

ಅವನು ಸೆಟ್ಟು ಆರಿಸಿದ.

ಬಂಧುಗಳು ಎಲೆಯಡಿಕೆ ತೆಗೆದುಕೊಂಡು, ಉಪ್ಪಿನ ಸುದ್ದಿ ಮಾತಾಡಿಕೊಂಡು ಹೊರಟರು. ಸಿದ್ದಮಲ್ಲಪ್ಪ ಅಡುಗೆಮನೆಗೆ ಹೋಗಿ ಮಗಳಿಗೆ ಫೋನ್ ಮಾಡಿದ.

"ನಿಮ್ಮವ್ವ ಎಲ್ಲವ್ಳೆ?"

ಆ ಕಡೆ ಶಿವಾನಿ ತಬ್ಬಿಬ್ಬಾದಳು. "ಅಪ್ಪಾ, ಎಲ್ಲಿ ಹಾಕ್ದೆ ಅದನ್ನ?"

"ಎಂಟು ಹಾರ್ನಲ್ಲಿ ಹಾಕ್ದೆ! ಊರಿಗೆಲ್ಲ ಹಾಕ್ದೆ! ಅದರಾಗೆ ಅವಳಿಲ್ಲ. ಬರೀ ಗುಂಯ್ ಅಂತದೆ. ಹೋದ ವರ್ಷ ನಾನು ಒಂದ್ಸಲ ಮಣ್ಣು ಮಾಡ್ದೆ. ಈಗ ನೀನು ಅವಳ ದನಿನೂ ಮಣ್ಣು ಮಾಡಿದ್ದೀಯಲ್ಲೇ!"

ಶಿವಾನಿ, "ಅವಳು ಅದರೊಳಗೆ ಇದಾಳಪ್ಪಾ. ಇದಾಳೆ ಅಷ್ಟೆ. ಹುಡುಕ್ಬೇಡ" ಎಂದಳು.

ಸೆಟ್ಟಿನವನಿಗೆ ಯಾರೂ ಹೇಳಬಾರದ ಮಾತು ಅದು. ಒಳಗೆ ದನಿ ಇದೆ, ಹೊರಗೆ ಬರುತ್ತಿಲ್ಲ ಎಂದರೆ ಅದು ದೋಷ. ದೋಷ ಎಂದರೆ ರಿಪೇರಿ. ರಿಪೇರಿ ಎಂದರೆ ಸಿದ್ದಮಲ್ಲಪ್ಪ.

ಭಾನುವಾರ ಸಂಜೆ ನಾಲ್ಕಕ್ಕೆ ಬಾಳೆಮಂಡಿಯಲ್ಲಿ ಹೊಸ ಆಲ್ಬಮ್ಮಿನ ಕಾರ್ಯಕ್ರಮವೆಂದು ಮದನನ ಬಾಯಿಂದ ಹೊರಡಿಸಿದ. ಬೆಸುಗೆ ಸಲಾಕೆ, ಕಟಿಂಗ್ ಪ್ಲೇಯರ್, ಟೆಸ್ಟರ್, ಇನ್ಸುಲೇಷನ್ ಟೇಪು, ಎರಡು ಕೆ.ಜಿ. ಉಪ್ಪು, ಇಷ್ಟನ್ನೂ ಲಗೇಜ್ ಆಟೋಗೆ ಹಾಕಿಕೊಂಡು, ಕರಿಯಯ್ಯನನ್ನು ಹತ್ತಿಸಿಕೊಂಡು ನಂಜನಗೂಡಿಗೆ ಹೊರಟ. ದಾರಿಯುದ್ದಕ್ಕೂ ಅವನು ಆ ಹುಡುಗರ ಸೆಟ್ಟನ್ನು ಬೈದ. ಕರಿಯಯ್ಯ ಉಪ್ಪಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮಂಡಿಯೊಳಗೆ ಬಾಳೆಹಣ್ಣಿನ ಹಳೇ ವಾಸನೆ ಇನ್ನೂ ಹೋಗಿರಲಿಲ್ಲ. ಗೊನೆ ನೇತುಹಾಕುತ್ತಿದ್ದ ಕೊಕ್ಕೆಗಳಲ್ಲಿ ಬಣ್ಣದ ದೀಪ ನೇತಾಡುತ್ತಿದ್ದವು. ಮೂವತ್ತು ನಲವತ್ತು ಹುಡುಗ ಹುಡುಗಿಯರು ನಿಂತಿದ್ದರು. ಎದುರಿಗೆ ಗಿಟಾರು ಹಿಡಿದ ಶಿವಾನಿ, ಮದನ್, ಡ್ರಮ್ಮಿನ ಮುಂದೆ ಕಿರಣ್. ಸದ್ದು ಆಗಲೇ ಗೋಡೆಯಿಂದ ಗೋಡೆಗೆ ತುಂಬಿತ್ತು. ಅದೇ ಘೂಂ. ಹತ್ತಿರದಿಂದ ಕೇಳಿದರೆ ಎದೆಯೊಳಗಿನಿಂದಲೇ ಬಂದಂತಿತ್ತು.

ಸಿದ್ದಮಲ್ಲಪ್ಪನಿಗೆ ಮೊದಲು ಕಂಡದ್ದು ಬೇರೆ. ಬಾರಿಸುವವರು ಯಾರೂ ಜನರ ಕಡೆ ನೋಡುತ್ತಿರಲಿಲ್ಲ. ಮೇಷ್ಟರ ಮುಂದೆ ತಪ್ಪೊಪ್ಪಿಕೊಳ್ಳಲು ನಿಂತ ಮಕ್ಕಳ ಹಾಗೆ ತಲೆ ತಗ್ಗಿಸಿ ತಮ್ಮ ಕಾಲನ್ನೇ ನೋಡುತ್ತಿದ್ದರು. ಕಾಲ ಹತ್ತಿರ ಇದ್ದ ಪುಟ್ಟ ಪುಟ್ಟ ಡಬ್ಬಿಗಳನ್ನು ಆಗಾಗ ತುಳಿಯುತ್ತಿದ್ದರು. ಕೇಳಲು ಬಂದವರೂ ಹಾಗೇ, ತಲೆ ತಗ್ಗಿಸಿ ತೂಗುತ್ತಿದ್ದರು.

ಕರಿಯಯ್ಯ ಅವನ ಕಿವಿಯ ಹತ್ತಿರ ಬಂದು ಕೂಗಿದ: "ಸಾ! ಎಲ್ರುದೂ ಚಪ್ಲಿ ಕಳ್ದೋಗದಾ? ಎಲ್ಲಾ ನೆಲ ಹುಡುಕ್ತಾವ್ರೆ!"

"ಸುಮ್ಕಿರಯ್ಯಾ! ನೀನು ಅರ್ಥಿಂಗ್ ಎಲ್ಲದೆ ನೋಡು!"

ಹಿಂದಿನ ಮೂಲೆಯಲ್ಲಿ ಮಿಕ್ಸರ್ ಇತ್ತು. ಅದರ ಮುಂದೆ ಯಾರೂ ಇರಲಿಲ್ಲ. ಇವರ ಸದ್ದಿಗೆ ಯಾರು ಕಾವಲು ಕೂರುತ್ತಾರೆ? ಸಿದ್ದಮಲ್ಲಪ್ಪ ಹೋಗಿ ನಿಂತ. ನಿಂತ ಕೂಡಲೇ ಅವನ ಕೈ ತಾನಾಗಿಯೇ ಚುರುಕಾಯಿತು. ಮೊದಲನೆಯದು, ಎರಡನೆಯದು ಗಿಟಾರು. ಮೂರನೆಯದು ಡ್ರಮ್ಮು. ನಾಲ್ಕನೆಯದು ಶಿವಾನಿ. ಐದನೆಯದರ ಮೇಲೆ ಒಂದು ಚೂರು ಟೇಪು ಅಂಟಿಸಿ, ಪೆನ್ನಿನಲ್ಲಿ ಬರೆದಿದ್ದರು: ‘ಅವ್ವ’.

ಅಂದರೆ ಮಗಳು ಸುಳ್ಳು ಹೇಳಿರಲಿಲ್ಲ. ಇವಳು ಇಲ್ಲೇ ಇದ್ದಾಳೆ, ಐದನೇ ಗುಂಡಿಯಲ್ಲಿ! ಇಷ್ಟು ದೊಡ್ಡ ಸದ್ದಿನಡಿಯಲ್ಲಿ, ಪಾಪದವಳು, ಒಬ್ಬಳೇ!

ಶಿವಾನಿ ಆಗ ತಲೆಯೆತ್ತಿದಳು. ಮಿಕ್ಸರ್ ಹತ್ತಿರ ಅಪ್ಪನನ್ನು ಕಂಡಳು. "ಅಪ್ಪಾ, ಬೇಡಾ!" ಎಂದು ಕೂಗಿದಳು. ಅದೂ ಆ ಘೂಂನಲ್ಲಿ ಕರಗಿಹೋಯಿತು.

ಸಿದ್ದಮಲ್ಲಪ್ಪ ಎಡಗೈಯಲ್ಲಿ ನಾಲ್ಕನ್ನೂ ಒಟ್ಟಿಗೆ ಕೆಳಗಿಳಿಸಿ, ಬಲಗೈಯಲ್ಲಿ ಐದನೆಯದನ್ನು ತುದಿಮುಟ್ಟ ಎತ್ತಿದ.

ಮಂಡಿ ತೊಳೆದಿಟ್ಟಂತೆ ಸ್ವಚ್ಛವಾಯಿತು. ಹುಡುಗರೆಲ್ಲ ಒಟ್ಟಿಗೆ ತಲೆಯೆತ್ತಿದರು.

ಮೊದಲು ಕೆಮ್ಮು ಬಂತು. ಉದ್ದನೆಯ ಕೆಮ್ಮು. ಉಸಿರು ಎಳೆದುಕೊಂಡ ಸದ್ದು. ಹಾಸಿಗೆಯ ಮೇಲೆ ಮಗ್ಗುಲಾದ ಸದ್ದು. ಆಮೇಲೆ ಚನ್ನಾಜಮ್ಮ, ಅಕ್ಷರ ಅಕ್ಷರ ಬಿಡಿಸಿದಂತೆ:

"ಆಚೆ ದಡದ... ದೀಪಕ್ಕೆ..."

ಅಷ್ಟಕ್ಕೇ ಉಸಿರು ಮುಗಿಯಿತು. ಎಣ್ಣೆಯವರೆಗೆ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳು ಕೇಳಿದಳು:

"ಏನ್ರೀ, ಕೇಳಿಸ್ತಾ ಅದಾ?"

ಯಾರೂ ಉತ್ತರ ಕೊಡಲಿಲ್ಲ.

"ಏನ್ರೀ... ಕೇಳಿಸ್ತಾ ಅದಾ?"

ಇಲ್ಲ.

"ಕೇಳಿಸ್ತಾ ಅದೇನ್ರೀ?"

ಆಗ ದೂರದಿಂದ, ಬೀದಿಯ ಕಡೆಯಿಂದ, ಹಾರ್ನುಗಳನ್ನು ಆಟೋಗೆ ಎಸೆಯುವ ಸದ್ದಿನ ನಡುವೆ, ಒಬ್ಬ ಗಂಡಸು ಸಿಡುಕಿ ಕೂಗಿದ. ಆ ದನಿ ಸಿದ್ದಮಲ್ಲಪ್ಪನದೇ. ತಾಲ್ಲೂಕಿಗೆಲ್ಲ ಗೊತ್ತಿದ್ದ ದನಿ.

"ಏಯ್, ಸುಮ್ಕೆ ಬಿದ್ಕಳೇ ಅತ್ಲಾಗಿ! ಮುಡುಕುತೊರೆ ಜಾತ್ರೆಗೆ ಲೋಡು ಮಾಡ್ತಾ ಇದೀನಿ, ಕಾಣಕ್ಕಿಲ್ವಾ?"

ಮತ್ತೆ ಕೆಮ್ಮು. ಆಮೇಲೆ ಅವಳು ಮೆಲ್ಲಗೆ, ಪಕ್ಕದಲ್ಲಿದ್ದ ಮಗಳಿಗೆ:

"ಓಗ್ಲಿ ಬಿಡು ಕೂಸೆ. ಕೆಲ್ಸದಲ್ಲವ್ರೆ. ಮೈಕು ಸರೀಗದೆ ಅಂತ ಆಮೇಲೆ ನೀನೇ ಏಳ್ಬುಡು."

ಆ ದಿನ ಅವನಿಗೆ ನೆನಪಿತ್ತು. ಅಂದರೆ, ಮುಡುಕುತೊರೆಯ ಕೆಲಸ ನೆನಪಿತ್ತು. ಅಲ್ಲಿ ಸೆಟ್ಟು ಎಷ್ಟು ಚೆನ್ನಾಗಿ ಕೂಗಿತು ಎಂಬುದು ನೆನಪಿತ್ತು. ಅವಳು ಕೇಳಿದ್ದು ನೆನಪಿರಲಿಲ್ಲ. ಅದಾಗಿ ಹನ್ನೊಂದನೇ ದಿನಕ್ಕೆ ಅವಳು ಹೋಗಿದ್ದಳು.

ಶಿವಾನಿ ಗಿಟಾರನ್ನು ಕೆಳಗಿಟ್ಟು ಜನರ ನಡುವೆ ನುಗ್ಗಿ ಬಂದಳು. ಬಂದು ಅಪ್ಪನ ಅಂಗಿಯ ತೋಳು ಹಿಡಿದುಕೊಂಡಳು.

"ಎಸೆಯೋಕೆ ಮನಸ್ಸು ಬರಲಿಲ್ಲಪ್ಪಾ. ಅವಳು ಕೊನೇ ಸಲ ಹಾಡಿದ್ದು ಅದೇ. ನಿನಗೆ ಕೇಳಿಸಬಾರದು ಅಂತ ಅದರ ಮೇಲೆ ಇಷ್ಟೆಲ್ಲ ಹಾಕ್ದೆ. ಮದನ್ ಹೇಳ್ತಾನೇ ಇದ್ದ, ಸಾಕು ಕಣೇ, ಜಾಸ್ತಿ ಆಯ್ತು ಅಂತ. ನಿನ್ನ ಕೂಗು ಮಾತ್ರ ಎಷ್ಟು ಹಾಕಿದ್ರೂ ಮುಚ್ಚಲಿಲ್ಲ. ಮತ್ತೂ ಹಾಕ್ದೆ."

ಸ್ಮರಣೆಯ ದಿನದಿಂದ ಅವನು ದೋಷವೆಂದುಕೊಂಡಿದ್ದು ಅದು. ಎಲ್ಲಿಯೂ ವೈರು ಸಡಿಲವಾಗಿರಲಿಲ್ಲ.

ಸಿದ್ದಮಲ್ಲಪ್ಪ ಮಿಕ್ಸರಿನ ಪಕ್ಕದಲ್ಲಿದ್ದ ಮೈಕನ್ನು ತೆಗೆದುಕೊಂಡ. ಅಭ್ಯಾಸ ಬಲದಿಂದ ಬೆರಳಲ್ಲಿ ಎರಡು ಸಲ ಕುಟ್ಟಿದ. ಮಂಡಿಯ ಮೂಲೆ ಮೂಲೆಗೂ ಟಕ್ ಟಕ್ ಎಂದಿತು. ಬಾಯಿ ತೆರೆದ, ಮುಚ್ಚಿದ, ತೆರೆದ.

"ಕೇಳಿಸ್ತಾ ಅದೆ" ಎಂದ.

ಎಲ್ಲಿಂದಲೋ ಒಬ್ಬ ಹುಡುಗ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು, ಶಿಳ್ಳೆ ಹೊಡೆದರು. ಕಾರ್ಯಕ್ರಮದಲ್ಲಿ ಇದೂ ಇದೆ ಎಂದುಕೊಂಡಿದ್ದರು, ದರಿದ್ರದವು. ಮುಂದೆ ನಿಂತಿದ್ದ ಕನ್ನಡಕದ ಹುಡುಗಿಯೊಬ್ಬಳು ತಿರುಗಿ, ಕಣ್ಣೊರೆಸಿಕೊಳ್ಳುತ್ತ, "ಅಂಕಲ್, ಈ ಪಾರ್ಟು ಸೂಪರ್. ಆಲ್ಬಮ್ಮಲ್ಲಿ ಇದಿಯಾ?" ಎಂದು ಕೇಳಿದಳು.

"ಇಲ್ಲಮ್ಮಾ" ಎಂದ ಸಿದ್ದಮಲ್ಲಪ್ಪ. ಯಾರನ್ನೂ ಬೈಯಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅದು ಮೊದಲ ಸಲ ಎಂದು ಕರಿಯಯ್ಯ ಈಗಲೂ ಹೇಳುತ್ತಾನೆ.

"ಓಗಿ ಬಾರ್ಸು" ಎಂದ ಮಗಳಿಗೆ.

"ಅಪ್ಪಾ..."

"ಓಗವ್ವಾ. ಕಾಯ್ತಾವ್ರೆ."

ಅವಳು ಹೋಗಿ ಗಿಟಾರು ಎತ್ತಿಕೊಂಡಳು. ಮದನ್ ಡಬ್ಬಿ ತುಳಿದ. ಘೂಂ ಎಂದು ಶುರುವಾಯಿತು, ಸಣ್ಣಗೆ. ಸಿದ್ದಮಲ್ಲಪ್ಪ ಮೊದಲನೆಯದನ್ನು ಎತ್ತಿದ. ಎರಡನೆಯದನ್ನು ಎತ್ತಿದ. ಮಗಳು ಇಟ್ಟಿದ್ದ ಗುರುತು ದಾಟಿ ಇನ್ನೂ ಎತ್ತಿದ. ಮಳೆ ಹೊಯ್ಯಿತು, ಮಿಲ್ಲು ತಿರುಗಿತು, ಹೊಳೆ ತುಂಬಿ ಬಂತು. ಐದನೆಯದನ್ನು ಮಾತ್ರ ಇಳಿಸಲಿಲ್ಲ. ಎಲ್ಲಿತ್ತೋ ಅಲ್ಲೇ ಬಿಟ್ಟು, ಟೇಪಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಸರಿಯಾಗಿ ಅಂಟಿಸಿದ. ಈಗ ಅವನಿಗೆ ಗೊತ್ತಿತ್ತು, ಯಾವ ಜಾಗದಲ್ಲಿ ಅವಳು ಕೇಳುತ್ತಾಳೆ, ಎಷ್ಟು ಸಲ ಕೇಳುತ್ತಾಳೆ ಎಂದು. ಅವಳ ದನಿ ತಿರುಗಿ ಮೊದಲಿನಿಂದ ಬಂದು ಆ ಜಾಗ ಮುಟ್ಟಿದಾಗಲೆಲ್ಲ ಅವನ ತುಟಿ ಅಲುಗಿತು.

ಹೊರಗೆಲ್ಲ ಅರ್ಥಿಂಗ್ ಗುಂಡಿ ಹುಡುಕಿ ಸುಸ್ತಾದ ಕರಿಯಯ್ಯ, ಉಪ್ಪಿನ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ. ಯಜಮಾನ ಮಿಕ್ಸರಿನ ಮುಂದೆ ತಲೆ ತಗ್ಗಿಸಿ, ತನ್ನ ಕಾಲನ್ನೇ ನೋಡುತ್ತ ನಿಂತಿದ್ದ. ಕರಿಯಯ್ಯ ಗಾಬರಿಯಿಂದ ಹತ್ತಿರ ಬಂದು, ಬಗ್ಗಿ ನೆಲವನ್ನೆಲ್ಲ ನೋಡಿ, ಕಿವಿಯಲ್ಲಿ ಕೂಗಿದ:

"ಸಾ, ನೀವೂ ಕಳ್ಕಂಡ್ರಾ?"

ಸಿದ್ದಮಲ್ಲಪ್ಪ ತಲೆಯೆತ್ತಲಿಲ್ಲ.

"ಊಂ ಕಣಯ್ಯಾ" ಎಂದ.